ಭಾರದ ದಾರಿ, ಗಾಳಿಯ ದಾರಿ: ಪೆಟ್ಟಿಗೆ ದಿವಾನವನ್ನು ಆರಿಸುವ ಬಗೆ

ಮುಂಡಗೋಡ ತಾಲೂಕಿನ ಪಾಳಾ ಮೊದಲಾದ ಅರೆಮಲೆನಾಡಿನ ಊರುಗಳಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ತಾರಸಿಯ ಮನೆಗಳಾಗಿ ಮಾರ್ಪಡುತ್ತಿರುವ ಈ ಕಾಲದಲ್ಲಿ, ತಲೆಮಾರುಗಳಿಂದ ಗೃಹಕೃತ್ಯದ ಅರ್ಧ ಹೊರೆಯನ್ನು ಹೊತ್ತುಕೊಂಡಿದ್ದ ಅಟ್ಟವು ಯಾರ ಗಮನಕ್ಕೂ ಬಾರದೆ ಇಲ್ಲವಾಗುತ್ತಿದೆ. ಇಳಿಜಾರು ಮಾಡಿನ ಕೆಳಗೆ, ಅಡುಗೆಮನೆಯ ಹೊಗೆ ತಾಗುವಂತೆ ಹಲಗೆ ಹಾಸಿ ಮಾಡಿದ ಆ ಎಡೆಯಲ್ಲಿ ಬೀಜದ ಗಂಟು, ಹಿತ್ತಾಳೆಯ ಹಂಡೆ, ಹಬ್ಬಕ್ಕೊಮ್ಮೆ ಕೆಳಗಿಳಿಯುವ ಪಾತ್ರೆಪಡಗ, ನಂಟರು ಬಂದಾಗ ಬಿಚ್ಚುವ ಹಾಸಿಗೆಯ ಸುರುಳಿ ಎಲ್ಲವೂ ಇಂಬಾಗಿ ಇರುತ್ತಿದ್ದವು. ಸಪಾಟಾದ ಕಾಂಕ್ರೀಟಿನ ಮಾಳಿಗೆ ಬಂದೊಡನೆ ಮಾಡೂ ಹೋಯಿತು, ಅಟ್ಟವೂ ಹೋಯಿತು, ಸಾಮಾನು ಮಾತ್ರ ಉಳಿಯಿತು. ಹೀಗೆ ನೆಲೆ ತಪ್ಪಿದ ವಸ್ತುಗಳಿಗೆ ಇಂದು ಆಶ್ರಯವಾಗಿರುವುದು, ಹಗಲಿನಲ್ಲಿ ಪಡಸಾಲೆಯ ಆಸನವಾಗಿಯೂ ಇರುಳಿನಲ್ಲಿ ಶಯ್ಯೆಯಾಗಿಯೂ ಇದ್ದುಕೊಂಡು ತನ್ನ ಒಡಲಲ್ಲಿ ಮನೆಯ ಅರೆವಾಸಿ ಬಟ್ಟೆಬರೆಗಳನ್ನು ಅಡಗಿಸಿಕೊಳ್ಳುವ ಪೆಟ್ಟಿಗೆ ದಿವಾನ.

ಆ ಒಡಲಿನಲ್ಲಿ ಏನಿರುತ್ತದೆಂಬುದನ್ನು ಮೊದಲು ವಿಚಾರಿಸಬೇಕು, ಏಕೆಂದರೆ ಪಾತ್ರವನ್ನು ನಿಶ್ಚಯಿಸುವುದು ಅದರೊಳಗಿನ ಪದಾರ್ಥವೇ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಸೀಮೆಗಳ ಸಿದ್ದಿ ಸ್ತ್ರೀಯರು ಹಳೆಯ ಸೀರೆ ಧೋತರಗಳ ತುಂಡುಗಳನ್ನು ಒಂದರ ಮೇಲೊಂದಿರಿಸಿ, ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿಗೆ ಬರುವಂತೆ ಸಾದಾ ಹೊಲಿಗೆಯನ್ನು ಓಡಿಸಿ, ಮೂಲೆಗಳಲ್ಲಿ ಬಟ್ಟೆಯನ್ನೇ ಮಡಿಸಿ ಮಾಡಿದ ಹೂಗಳನ್ನಿಟ್ಟು ಪೂರೈಸುವ ಕೌದಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿದವರಿಗೆ ಎರಡು ಸಂಗತಿಗಳು ತಿಳಿಯುತ್ತವೆ: ಅದು ಕಣ್ಣಿಗೆ ಕಂಡದ್ದಕ್ಕಿಂತ ಭಾರವಾದದ್ದು, ಪದರ ಪದರವಾದ ಹತ್ತಿಯ ಬಟ್ಟೆಯಾದ ಕಾರಣ ಮಳೆಗಾಲದ ತೇವವನ್ನು ಹೀರಿ ಬಹುಕಾಲ ಹಿಡಿದಿಟ್ಟುಕೊಳ್ಳುವಂಥದ್ದು. ಕೌದಿಯ ಈ ಎರಡು ಸ್ವಭಾವಗಳಿಂದಲೇ ದಿವಾನದ ಪರೀಕ್ಷೆಯೂ ಎರಡಾಗುತ್ತದೆ. ಅದರ ಮೇಲಿನ ಮತ್ತು ಒಳಗಿನ ಭಾರವು ಯಾವ ದಾರಿಯಿಂದ ನೆಲಕ್ಕೆ ಇಳಿಯುತ್ತದೆ? ಅದರೊಳಕ್ಕೆ ಗಾಳಿಯು ಯಾವ ದಾರಿಯಿಂದ ಬಂದು ಯಾವ ದಾರಿಯಿಂದ ಹೊರಡುತ್ತದೆ? ಈ ಎರಡು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ದಿವಾನವು ಸಾಮಾನ್ಯ ಮರದ್ದಾದರೂ ಬಾಳುತ್ತದೆ; ಉತ್ತರ ಕೊಡಲಾರದ್ದು ಸಾಗವಾನಿಯದಾದರೂ ಬಾಳುವುದಿಲ್ಲ.

ಮಲಗುವ ಎಡೆಯೂ ಕೂಡಿಡುವ ಎಡೆಯೂ ಒಂದೇ ಆಗಿರುವುದು ನಮ್ಮ ಕಡೆಗೆ ಹೊಸತಲ್ಲ. ತುಳುನಾಡಿನಲ್ಲಿಯೂ ಕೇರಳದಲ್ಲಿಯೂ ಧಾನ್ಯವನ್ನು ಕೂಡಿಡುತ್ತಿದ್ದ ಪತ್ತಾಯವೆಂಬ ಮರದ ಮಹಾಪೆಟ್ಟಿಗೆಯ ಮುಚ್ಚಳವು ಎಷ್ಟೋ ಮನೆಗಳಲ್ಲಿ ಶಯನಸ್ಥಾನವೂ ಆಗಿತ್ತು. ಇನ್ನು ಶಯ್ಯೆಗೆ ತಕ್ಕ ಮರವನ್ನು ಆರಿಸುವ ಶಾಸ್ತ್ರವಾದರೋ ಅದಕ್ಕಿಂತಲೂ ಪ್ರಾಚೀನವಾದದ್ದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅಸನ, ಚಂದನ, ದೇವದಾರು, ತಿಂದುಕ, ಶಿಂಶಪಾ ಮೊದಲಾದ ಪ್ರಶಸ್ತ ವೃಕ್ಷಗಳ ಸಾಲಿನಲ್ಲಿ ಶಾಕವೃಕ್ಷವನ್ನು, ಎಂದರೆ ನಮ್ಮ ಸಾಗವಾನಿಯನ್ನು, ಸೇರಿಸಿದ್ದಾನೆ. ಸಿಡಿಲು, ಪ್ರವಾಹ, ಬಿರುಗಾಳಿ, ಆನೆ ಇವುಗಳಿಂದ ಉರುಳಿದ ಮರವು ಮಂಚಕ್ಕೆ ಸಲ್ಲದೆಂದು ವಿಧಿಸಿದ್ದಾನೆ. ಅಂದಿನವರು ಅದನ್ನು ಶುಭಾಶುಭದ ಮಾತಾಗಿ ಗ್ರಹಿಸಿದರು. ಆದರೆ ಸಿಡಿಲಿಗೂ ಬಿರುಗಾಳಿಗೂ ಸಿಕ್ಕಿ ಬಿದ್ದ ಮರದ ತಿರುಳಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರಬಹುದೆಂಬ ಬಡಗಿಯ ಅನುಭವವೂ ಆ ವಿಧಿಯ ಹಿಂದೆ ಇದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಮರದ ಹೆಸರು, ಮರದ ಗುಣ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಿವಾಸಿಗಳಿಗೆ ಮರದ ವಿಷಯದಲ್ಲಿ ಒಂದು ಸಹಜವಾದ ಅಭಿಮಾನವಿದೆ. ಸಾಗವಾನಿಯು ತಾನಾಗಿ ಬೆಳೆಯುವ ಸೀಮೆ ಇದು; 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಇಲ್ಲಿಯ ಅರಣ್ಯವು ಸರಕಾರಕ್ಕೆ ಮುಖ್ಯ ಆದಾಯಮೂಲವಾಯಿತು; ಅಳ್ನಾವರದಿಂದ ದಾಂಡೇಲಿಗೆ ರೈಲುಹಾದಿಯನ್ನು ಎಳೆತಂದದ್ದೂ ಈ ನಾಟಾ ಸಂಪತ್ತೇ. ಮುಂದೆ ದಾಂಡೇಲಿಯಲ್ಲಿ ಪ್ಲೈವುಡ್ಡಿನ ಕಾರ್ಖಾನೆಯೂ, 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯೂ ಈ ಕಾಡನ್ನು ಆಧರಿಸಿಯೇ ತಲೆಯೆತ್ತಿದವು. ಇಂತಹ ನಾಡಿನಲ್ಲಿ ಹುಟ್ಟಿ ಬೆಳೆದವನು ಮಂಚ ಮಾಡಿಸಬೇಕೆಂದೊಡನೆ ಸಾಗವಾನಿಯ ಹೆಸರನ್ನು ಹೇಳಿ ನಿಶ್ಚಿಂತನಾಗುವುದು ಸ್ವಾಭಾವಿಕ. ಆದರೆ ಎಚ್ಚರ ತಪ್ಪುವುದೂ ಅಲ್ಲಿಯೇ.

ನಾಟಾ ಸಂಗ್ರಹಾಲಯದಲ್ಲಿ ಸಾಲಾಗಿ ಒಟ್ಟಿದ ತುಂಡುಗಳ ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿರಿ. ಇಲಾಖೆಯ ಸುತ್ತಿಗೆಯ ಮುದ್ರೆ ಮತ್ತು ಬಣ್ಣದಲ್ಲಿ ಬರೆದ ಸಂಖ್ಯೆಗಳ ಅಡಿಯಲ್ಲಿ ಎರಡು ಬಣ್ಣಗಳ ವಲಯಗಳು ಸ್ಪಷ್ಟವಾಗಿ ತೋರುತ್ತವೆ: ಹೊರಗೆ ಬೆಳ್ಳಗಿನ ಒಂದು ಪಟ್ಟಿ, ಒಳಗೆ ಹೊಂಬಣ್ಣದಿಂದ ಕಂದಿಗೆ ತಿರುಗುವ ತಿರುಳು. ಗೆದ್ದಲನ್ನು ದೂರವಿಡುವ ಟೆಕ್ಟೋಕ್ವಿನೋನ್ ಮೊದಲಾದ ದ್ರವ್ಯಗಳೂ, ತೇವವನ್ನು ತಡೆಯುವ ಎಣ್ಣೆಯ ಅಂಶವೂ, ಸಾಗವಾನಿಗೆ ಲೋಕಪ್ರಸಿದ್ಧಿಯನ್ನು ತಂದ ದೀರ್ಘಾಯುಷ್ಯವೂ ನೆಲಸಿರುವುದು ಈ ತಿರುಳಿನಲ್ಲಿ; ಹೊರಗಿನ ಬಿಳಿ ಮರಕ್ಕೆ ಆ ಸಾಮರ್ಥ್ಯವಿಲ್ಲ, ಅದನ್ನು ಕುಟ್ಟೆಹುಳವೂ ಗೆದ್ದಲೂ ಬೇರಾವ ಮೆದುಮರವನ್ನು ತಿನ್ನುವಷ್ಟೇ ಸುಲಭವಾಗಿ ತಿನ್ನುತ್ತವೆ. ನೆಡುತೋಪುಗಳಲ್ಲಿ ಎಡೆಬಿಡಿಸಲೆಂದು ಕಡಿದ ಎಳೆಯ ಮರಗಳಲ್ಲಿ ಈ ಬಿಳಿಯ ಪಾಲೇ ಹೆಚ್ಚು. ಅದುಕಾರಣ ಎಳೆಯ ಸಾಗವಾನಿಯ ಬಿಳಿ ಹಲಗೆಗೆ ಬಣ್ಣ ಬಳಿದು ಮಾಡಿದ ದಿವಾನಕ್ಕಿಂತ, ಚೆನ್ನಾಗಿ ಒಣಗಿದ ಹಲಸಿನ ತಿರುಳಿನಲ್ಲಿ ಮಾಡಿದ ದಿವಾನವೇ ಮೇಲು.

ಉಳಿದ ಮರಗಳಿಗೂ ಅವುಗಳದೇ ಆದ ಸ್ವಭಾವಗಳಿವೆ. ಮತ್ತಿಯು ಸಾಗವಾನಿಗಿಂತ ತೂಕದಲ್ಲಿಯೂ ಬಲದಲ್ಲಿಯೂ ಹೆಚ್ಚಿನದು, ಆದರೆ ಒಣಗುವಾಗ ಸೀಳುವ ಚಾಳಿ ಅದಕ್ಕುಂಟು. ಕಾಲಿಗೂ ನಡುತೊಲೆಗೂ ಅದು ಒಪ್ಪುತ್ತದೆ, ಅಗಲವಾದ ಹಲಗೆಗೆ ಒಪ್ಪುವುದಿಲ್ಲ. ಹೊನ್ನೆಯು ಗಟ್ಟಿಯೂ ಬಾಳಿಕೆಯದೂ ಆದ ಮರ, ಆದರೆ ತೇವ ತಾಗಿದರೆ ಹಳದಿಯ ಕಲೆಯನ್ನು ಬಿಡುತ್ತದೆ. ಆದಕಾರಣ ಹೊನ್ನೆಯ ಪೆಟ್ಟಿಗೆಯಲ್ಲಿ ಬಿಳಿಯ ಬಟ್ಟೆಯನ್ನಿಡುವವರು ಒಳಮೈಗೆ ವಾರ್ನಿಶ್ ಹಚ್ಚಿಸುವುದನ್ನು ಮರೆಯಬಾರದು. ಉತ್ತರ ಕನ್ನಡದ ನೆಡುತೋಪುಗಳಲ್ಲಿ ಹೇರಳವಾಗಿ ಬೆಳೆದಿರುವ ಅಕೇಶಿಯಾ ಸರಿಯಾಗಿ ಒಣಗಿಸಿದರೆ ನಂಬಬಹುದಾದ ಮರ. ಹಸಿಯಾಗಿ ಬಳಸಿದರೆ ಸೊಟ್ಟಗಾಗುತ್ತದೆ. ಒಟ್ಟಿನಲ್ಲಿ ಪೀಠೋಪಕರಣಕ್ಕೆ ಬಳಸುವ ಮರದ ತೇವಾಂಶವು ಶೇಕಡಾ 12ರ ಆಸುಪಾಸಿಗೆ ಇಳಿದಿರಬೇಕು. ಹಸಿಮರದಲ್ಲಿ ಬಿಗಿಯಾಗಿ ಕೂಡಿಸಿದ ಕೀಲು ಒಂದು ಬೇಸಗೆ ಕಳೆಯುವಷ್ಟರಲ್ಲಿ ಕುಗ್ಗಿ ಸಡಿಲಗೊಂಡು, ಮಗ್ಗುಲು ಬದಲಿಸಿದಾಗಲೆಲ್ಲ ಕಿರುಗುಟ್ಟತೊಡಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾಗದು. ದಾಂಡೇಲಿ ಮತ್ತು ಕಿರವತ್ತಿಯ ಸಂಗ್ರಹಾಲಯಗಳಲ್ಲಿ ಹರಾಜಿನಲ್ಲಿ ಮಾರಾಟವಾಗುವ ನಾಟಾಕ್ಕೆ ಮುದ್ರೆಯಿದೆ, ರಸೀದಿಯಿದೆ, ಸಾಗಣೆಯ ಪರವಾನಿಗೆಯಿದೆ. ಪರವಾನಿಗೆಯಿಲ್ಲದೆ ಅಗ್ಗಕ್ಕೆ ಸಿಗುವ ಮರಕ್ಕೆ ಇವು ಯಾವುವೂ ಇಲ್ಲ. 2007ರಲ್ಲಿ ಅಣಶಿ–ದಾಂಡೇಲಿ ಎಂಬ ಹೆಸರಿನಿಂದ ಘೋಷಿತವಾಗಿ ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದ ಅರಣ್ಯದ ನೆರೆಯಲ್ಲಿ ಬಾಳುವ ನಾವು, ಎಲ್ಲಿಂದ ಬಂತೆಂದು ತಿಳಿಯದ ಮರದ ಮಂಚದ ಮೇಲೆ ಮಲಗುವುದು ಧರ್ಮವೂ ಅಲ್ಲ, 1963ರ ಕರ್ನಾಟಕ ಅರಣ್ಯ ಕಾಯಿದೆಯ ದೃಷ್ಟಿಯಿಂದ ಕ್ಷೇಮವೂ ಅಲ್ಲ. ಮರವನ್ನು ಕೊಳ್ಳುವಾಗ ಕಾಗದವನ್ನು ಕೇಳಿ ಪಡೆಯಬೇಕು.

ಭಾರದ ದಾರಿ

ಇಬ್ಬರು ವಯಸ್ಕರು, ಒಂದು ದಪ್ಪ ಗಾದಿ, ಒಳಗೆ ತುಂಬಿದ ಕೌದಿ ಕಂಬಳಿ ಪಾತ್ರೆಗಳು ಇಷ್ಟೂ ಸೇರಿದರೆ ದಿವಾನವು ಹೊರುವ ಭಾರವು ಎರಡು ಕ್ವಿಂಟಲನ್ನು ಮೀರುವುದು ಕಷ್ಟವೇನಲ್ಲ. ಮಕ್ಕಳು ಅದರ ಮೇಲೆ ಕುಣಿದಾಡುವ ಮನೆಯಲ್ಲಿ ಕ್ಷಣಕಾಲದ ಆಘಾತವು ಇನ್ನೂ ಹೆಚ್ಚು. ಗದ್ದೆಯ ಹೆಚ್ಚುವರಿ ನೀರು ಬದುವನ್ನು ಒಡೆಯದೆ ಕಾಲುವೆಗೆ ಇಳಿಯಬೇಕಾದರೆ ಅದಕ್ಕೊಂದು ತೂಬು ಬೇಕಾಗುವಂತೆ, ಈ ಭಾರವು ಯಾವ ಕೀಲನ್ನೂ ಹಿಸಿಯದೆ ನೆಲ ಸೇರಬೇಕಾದರೆ ಅದಕ್ಕೆ ಅಡೆತಡೆಯಿಲ್ಲದ ಮಾರ್ಗವಿರಬೇಕು: ಮೇಲಿನ ಹಲಗೆಯಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯಿಂದ ಮಗ್ಗುಲ ಹಲಗೆಗೂ ನಡುತೊಲೆಗೂ, ಅಲ್ಲಿಂದ ಕಾಲಿಗೆ, ಕಾಲಿನಿಂದ ಭೂಮಿಗೆ. ಈ ಸರಣಿಯಲ್ಲಿ ಯಾವ ಒಂದು ಎಡೆಯಲ್ಲಾದರೂ ಭಾರವು ಮರದ ಮೇಲೆ ಕೂರದೆ ಬರಿಯ ಮೊಳೆ ಇಲ್ಲವೆ ಸ್ಕ್ರೂಗಳ ಮೇಲೆ ನೇತಾಡುತ್ತಿದ್ದರೆ, ದಿವಾನವು ಮುರಿಯುವುದು ಅಲ್ಲಿಯೇ.

ಆದ್ದರಿಂದ ಅಂಗಡಿಯಲ್ಲಿ ದಿವಾನದ ಮುಚ್ಚಳವನ್ನು ತೆಗೆಸಿ ಮೊದಲು ನೋಡಬೇಕಾದದ್ದು ಅದರ ಒಳಗೋಡೆಯನ್ನು. ಮೇಲಿನ ಹಲಗೆಗೆ ಆಧಾರವಾಗಿ ಒಳಮಗ್ಗುಲಿನಲ್ಲಿ ಉದ್ದಕ್ಕೂ ಒಂದು ರೀಪನ್ನು ಅಂಟು ಸ್ಕ್ರೂಗಳೆರಡರಿಂದಲೂ ಕೂಡಿಸಿದ್ದಾರೆಯೆ, ಅಥವಾ ಅಲ್ಲೊಂದು ಇಲ್ಲೊಂದು ಮರದ ಚೂರಿಗೆ ಮೊಳೆ ಹೊಡೆದು ಬಿಟ್ಟಿದ್ದಾರೆಯೆ? ಮೂಲೆಗಳಲ್ಲಿ ಎರಡು ಹಲಗೆಗಳು ಬರಿದೆ ಒಂದಕ್ಕೊಂದು ತಾಗಿ ನಿಂತಿವೆಯೆ, ಅಥವಾ ಒಳಗಡೆ ದಪ್ಪನೆಯ ಮೂಲೆಗಟ್ಟಿಗೆಯಿಟ್ಟು ಬೋಲ್ಟಿನಿಂದ ಬಿಗಿದಿದ್ದಾರೆಯೆ? ನುರಿತ ಬಡಗಿಯು ತಾನು ಮಾಡಿದ ಮಂಚದಲ್ಲಿ ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರಲ್ಲಿ ಉಳಿಯಿಂದ ಕೊರೆದ ರಂಧ್ರಕ್ಕೆ ಸೇರಿಸಿ ಬೆಣೆ ಹೊಡೆದಿರುತ್ತಾನೆ. ಭಾರವು ಅಲ್ಲಿ ಮರದಿಂದ ಮರಕ್ಕೆ ನೇರವಾಗಿ ಇಳಿಯುತ್ತದೆ, ಕಬ್ಬಿಣಕ್ಕೆ ಅಲ್ಲಿ ಹಿಡಿದಿಡುವ ಕೆಲಸವಲ್ಲದೆ ಹೊರುವ ಕೆಲಸವಿಲ್ಲ.

ನಡುತೊಲೆಯ ವಿಷಯದಲ್ಲಿ ಗಣಿತವು ನಮ್ಮ ಪಕ್ಷದಲ್ಲಿದೆ. 4 ಇಂಚು ಅಗಲ, 1 ಇಂಚು ದಪ್ಪದ ಪಟ್ಟಿಯನ್ನು ಮಟ್ಟಸವಾಗಿ ಮಲಗಿಸಿದರೆ ಬಾಗುವಿಕೆಗೆ ಅದು ಎಷ್ಟು ಪ್ರತಿರೋಧವನ್ನು ಒಡ್ಡುತ್ತದೆಯೋ, ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ 16 ಪಟ್ಟು ಒಡ್ಡುತ್ತದೆ. ಮರ ಒಂದೇ, ಹಣ ಒಂದೇ, ನಿಲ್ಲಿಸಿದ ರೀತಿ ಮಾತ್ರ ಬೇರೆ. ಹಾಗೆಯೇ ಆಧಾರಗಳ ನಡುವಣ ಅಂತರವನ್ನು ಅರ್ಧಕ್ಕೆ ಇಳಿಸಿದರೆ, ಅದೇ ಭಾರಕ್ಕೆ ತೊಲೆಯು ಬಾಗುವುದು ಮೊದಲಿನ ಎಂಟರಲ್ಲಿ ಒಂದು ಪಾಲು. 3 ಅಡಿ ಅಗಲದ ಒಂಟಿ ದಿವಾನಕ್ಕೆ ನಡುತೊಲೆ ಇಲ್ಲದಿದ್ದರೂ ನಡೆದೀತು. 5 ಅಥವಾ 6 ಅಡಿ ಅಗಲದ್ದಕ್ಕೆ ಉದ್ದಕ್ಕೂ ಅಂಚಿನ ಮೇಲೆ ನಿಂತ ತೊಲೆಯೊಂದು, ಅದರ ಮಧ್ಯಕ್ಕೆ ನೆಲ ತಾಗುವ ಕಾಲೊಂದು ಇರಲೇಬೇಕು. ನಾಲ್ಕು ಮೂಲೆಗಳಲ್ಲಿ ದಪ್ಪ ಕಾಲುಗಳಿದ್ದು ನಡುವೆ ಬರಿದಾಗಿರುವ ಅಗಲವಾದ ದಿವಾನವು ನೋಟಕ್ಕೆ ಎಷ್ಟೇ ಗಂಭೀರವಾಗಿದ್ದರೂ ಕೆಲವೇ ವರ್ಷಗಳಲ್ಲಿ ನಡುಬಗ್ಗುತ್ತದೆ, ಮಲಗಿದವರ ಬೆನ್ನನ್ನೂ ತನ್ನೊಡನೆ ಬಗ್ಗಿಸುತ್ತದೆ.

ಗಾಳಿಯ ದಾರಿ

ಆಷಾಢ ಶ್ರಾವಣಗಳಲ್ಲಿ ಬಟ್ಟೆಯೊಂದು ಒಣಗಲು ದಿನಗಟ್ಟಲೆ ಹಿಡಿಯುವ ಈ ಸೀಮೆಯಲ್ಲಿ ಮುಚ್ಚಿದ ಪೆಟ್ಟಿಗೆಗೆ ಹೊರಗಿನ ತೇವ ಒಂದೇ ಶತ್ರುವಲ್ಲ. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮಗಳಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಡುತ್ತದೆ. ಅದರಲ್ಲಿ ಒಂದು ಭಾಗ ಗಾದಿಯೊಳಕ್ಕೆ ಇಳಿಯುತ್ತದೆ. ಗಾದಿಯ ಅಡಿಯಲ್ಲಿ ರಂಧ್ರವಿಲ್ಲದ ಪ್ಲೈವುಡ್ ಹಲಗೆಯಿದ್ದು, ಅದರ ಮೇಲೆ ನುಣುಪಾದ ಸನ್ಮೈಕಾವನ್ನೂ ಅಂಟಿಸಿದ್ದರೆ, ಆ ಆವಿಗೆ ಹೊರಡುವ ಎಡೆಯಿಲ್ಲದೆ ಗಾದಿಯ ತಳದಲ್ಲಿಯೇ ತಂಗಿ ಬೂಸು ಹಿಡಿಯುತ್ತದೆ. ಮುಚ್ಚಳಕ್ಕೆ ಗೇಣಿಗೊಂದರಂತೆ ಒಂದಿಂಚಿನ ರಂಧ್ರಗಳನ್ನು ಕೊರೆಸುವುದು, ಅಥವಾ ಹಲಗೆಯ ಬದಲು ಎರಡು ಎರಡೂವರೆ ಇಂಚು ಎಡೆಬಿಟ್ಟು ಅಡ್ಡಪಟ್ಟಿಗಳನ್ನು ಜೋಡಿಸುವುದು ಇದಕ್ಕೆ ಪರಿಹಾರ. ಎಡೆಯು ಇದಕ್ಕಿಂತ ಹೆಚ್ಚಾದರೆ ಫೋಮಿನ ಗಾದಿ ಸಂದಿಗಳಲ್ಲಿ ಇಳಿಬೀಳುತ್ತದೆ.

ಪೆಟ್ಟಿಗೆಯ ತಲೆಕಡೆಗೂ ಕಾಲುಕಡೆಗೂ ಎದುರುಬದುರಾಗಿ ಒಂದೊಂದು ಗಾಳಿಕಿಂಡಿಯನ್ನು ಬಿಟ್ಟು, ಇಲಿ ಜಿರಳೆಗಳು ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆಸಬೇಕು. ನೆಲಕ್ಕೆ ತಾಗಿ ಕೂರುವ ದಿವಾನಕ್ಕಿಂತ ಮೂರು ನಾಲ್ಕು ಇಂಚು ಎತ್ತರದ ಕಾಲುಗಳ ಮೇಲೆ ನಿಂತದ್ದು ಎಷ್ಟೋ ಪಾಲು ಕ್ಷೇಮಕರ. ಕಸಬರಿಗೆಯು ಒಳಗೆ ಆಡುತ್ತದೆ, ನೆಲವೊರಸುವ ನೀರು ಹಲಗೆಯ ಅಂಚನ್ನು ತಾಗುವುದಿಲ್ಲ, ಗೆದ್ದಲು ನೆಲದಿಂದ ಮೇಲೇರಲು ಹೊರಟರೆ ಅದರ ಮಣ್ಣಿನ ದಾರಿಯು ಕಾಲಿನ ಮೇಲೆ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಯಿಂದ ದಿವಾನವನ್ನು ಮೂರು ಬೆರಳಿನಷ್ಟಾದರೂ ದೂರವಿರಿಸಬೇಕು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕುವ ನಮ್ಮ ಉತ್ತರದ ಜಿಲ್ಲೆಗಳ ವಾಡಿಕೆಯಲ್ಲಿ ದಿವಾನಕ್ಕೂ ಒಂದು ಪಾಲಿರಲಿ: ಅಂದು ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿ, ಮುಚ್ಚಳವನ್ನು ತೆರೆದಿಟ್ಟು ಗಾಳಿಯಾಡಿಸಿ, ಬೇವಿನ ಒಣ ಎಲೆಯನ್ನೋ ಬಜೆಯ ತುಂಡನ್ನೋ ಬಟ್ಟೆಯಲ್ಲಿ ಕಟ್ಟಿ ಮೂಲೆಗಳಲ್ಲಿ ಇರಿಸಿದರೆ ಕೌದಿಗಳು ಮುಂದಿನ ಮಳೆಗಾಲವನ್ನು ಎದುರಿಸಲು ಅಣಿಯಾಗುತ್ತವೆ.

ಮುಚ್ಚಳವೋ, ಖಾನೆಯೋ?

ಒಳಗಿನ ವಸ್ತುವನ್ನು ತೆಗೆಯುವ ಕ್ರಮದಲ್ಲಿ ಮೂರು ಬಗೆಗಳಿವೆ. ಮೇಲಿನ ಹಲಗೆಯನ್ನೇ ಎತ್ತುವುದು ಮೊದಲನೆಯದು. ಇದರಲ್ಲಿ ಸ್ಥಳವು ಎಲ್ಲಕ್ಕಿಂತ ಹೆಚ್ಚಾಗಿ ಒದಗುತ್ತದೆ, ಶ್ರಮವೂ ಹೆಚ್ಚು. 75 ಇಂಚು ಉದ್ದ, 60 ಇಂಚು ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಲಗೆಯೊಂದೇ ಸುಮಾರು 30 ಕಿಲೋ ತೂಗುತ್ತದೆ, ಗಾದಿಯ ಭಾರ ಬೇರೆ. ಮನೆಯ ಹಿರಿಯ ಹೆಂಗಸು ಒಬ್ಬಳೇ ಅದನ್ನು ಎತ್ತಬೇಕೆಂದರೆ ಅದು ಅನ್ಯಾಯ. ಆದುದರಿಂದ ಮುಚ್ಚಳವನ್ನು ಎರಡಾಗಿ ಸೀಳಿಸಿ, ಪ್ರತಿಯೊಂದಕ್ಕೂ ಉದ್ದನೆಯ ಬಿಜಾಗರಿಯನ್ನು ಹಾಕಿಸುವುದು ಯುಕ್ತ. ಎರಡನೆಯದು ಅಂಗಡಿಗಳಲ್ಲಿ ಹೈಡ್ರಾಲಿಕ್ ಎಂದು ಕರೆಯಲ್ಪಡುವ ವಿಧಾನ. ಕೊಳವೆಯೊಳಗೆ ಒತ್ತಿ ತುಂಬಿದ ಅನಿಲವು ಹಲಗೆಯನ್ನು ಮೇಲಕ್ಕೆ ದೂಡುತ್ತದೆ. ಆ ಕೊಳವೆಗಳ ಬಲವು ಹಲಗೆ ಮತ್ತು ಗಾದಿಗಳ ಒಟ್ಟು ತೂಕಕ್ಕೆ ತಕ್ಕಂತಿರಬೇಕು: ಕಡಿಮೆಯಾದರೆ ಮುಚ್ಚಳ ನಿಲ್ಲದು, ಹೆಚ್ಚಾದರೆ ಮುಚ್ಚಲಾಗದು. ಕಾಲಕ್ರಮದಲ್ಲಿ ಅನಿಲವು ಸೋರಿ ಬಲಗುಂದುವುದರಿಂದ ಬದಲಿ ಕೊಳವೆಗಳು ಹುಬ್ಬಳ್ಳಿಯಲ್ಲಾದರೂ ಸಿಗುವಂಥವೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಮೂರನೆಯದು ಮಗ್ಗುಲಿನಿಂದ ಎಳೆಯುವ ಖಾನೆ. ನಿತ್ಯ ಬೇಕಾಗುವ ವಸ್ತುಗಳಿಗೆ ಇದೇ ಅನುಕೂಲ, ಗಾದಿಯನ್ನು ಮುಟ್ಟಬೇಕಾಗಿಲ್ಲ. ಆದರೆ ಖಾನೆಯನ್ನು ಪೂರ್ತಿ ಎಳೆಯಲು ಮುಂದುಗಡೆ ಎರಡು ಎರಡೂವರೆ ಅಡಿ ತೆರವು ಬೇಕು. ಖಾನೆಗಾಗಿ ಮಗ್ಗುಲ ಹಲಗೆಯನ್ನು ಕತ್ತರಿಸುವುದರಿಂದ ಭಾರದ ದಾರಿಗೆ ಅಲ್ಲಿ ಭಂಗ ಬರುತ್ತದೆ, ಆದಕಾರಣ ಎರಡು ಖಾನೆಗಳ ನಡುವೆ ನೆಲ ಮುಟ್ಟುವ ಗಟ್ಟಿ ಕಂಬವಿದೆಯೇ ಎಂದು ನೋಡತಕ್ಕದ್ದು.

ಮಕ್ಕಳಿರುವ ಮನೆಯವರು ಒಂದು ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ದಿವಾನದ ಒಡಲು ಆಟವಾಡುವ ಮಗುವಿಗೆ ಅಡಗುವ ಗುಹೆಯಂತೆ ಕಾಣುತ್ತದೆ. ಹೊರಗಿನಿಂದ ತಾನೇ ಬಿದ್ದುಕೊಳ್ಳುವ ಚಿಲಕವನ್ನು ಅದಕ್ಕೆ ಎಂದಿಗೂ ಹಾಕಿಸಬಾರದು, ಎತ್ತಿದ ಮುಚ್ಚಳವು ಬೀಳದಂತೆ ತಡೆಯುವ ಕಡ್ಡಿಯು ಇರಲೇಬೇಕು. ಮೇಲೆ ಹೇಳಿದ ಗಾಳಿಕಿಂಡಿಗಳು ಬಟ್ಟೆಯನ್ನು ಮಾತ್ರವಲ್ಲ, ಅಕಸ್ಮಾತ್ತಾಗಿ ಒಳಗೆ ಸಿಲುಕಿದ ಜೀವವನ್ನೂ ಕಾಯಬಲ್ಲವು.

ಹಲಗೆಯ ಮೇಲಿನ ಮುದ್ರೆ

ಸಿದ್ಧ ದಿವಾನಗಳಲ್ಲಿ ಹೆಚ್ಚಿನವು ಇಂದು ಇಡೀ ಮರದ್ದಾಗಿರುವುದಿಲ್ಲ. ಮರದ ಪುಡಿಯನ್ನೂ ಚಕ್ಕೆಯನ್ನೂ ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಒಣನಾಡಿನಲ್ಲಿ ಸಲ್ಲಬಹುದು. ನಮ್ಮ ಮಳೆಗಾಲದಲ್ಲಿ ಅದರ ಬರಿದಾದ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ ಮೇಲೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಒಮ್ಮೆ ಬಿಚ್ಚಿದ ಸ್ಕ್ರೂವನ್ನು ಅದೇ ತೂತು ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ. ಪ್ಲೈವುಡ್ ಇದಕ್ಕಿಂತ ಉತ್ತಮವಾದರೂ ಅದರಲ್ಲಿಯೂ ತರತಮಗಳಿವೆ. ಐಎಸ್‌ಐ ಮುದ್ರೆಯ ಜೊತೆಗೆ 303 ಎಂಬ ಸಂಖ್ಯೆ ಇದ್ದರೆ ಅದು ಸಾಮಾನ್ಯ ಬಳಕೆಯ ಹಲಗೆ. ಅದರಲ್ಲಿಯೇ ಎಂಆರ್ ಎಂಬುದು ತೇವವನ್ನು ಅಲ್ಪಸ್ವಲ್ಪ ತಡೆಯುವಂಥದ್ದು, ಬಿಡಬ್ಲ್ಯುಆರ್ ಎಂಬುದು 8 ಗಂಟೆಗಳ ಕಾಲ ಕುದಿಸಿದರೂ ಪದರ ಬಿಡದಂಥದ್ದು. 710 ಎಂಬ ಸಂಖ್ಯೆಯುಳ್ಳ ಮೆರೈನ್ ದರ್ಜೆಯ ಹಲಗೆಯು 72 ಗಂಟೆಗಳ ಕುದಿತವನ್ನು ತಾಳಬೇಕೆಂಬುದು ನಿಯಮ. ಇಡೀ ದಿವಾನಕ್ಕೆ ಮೆರೈನ್ ಹಲಗೆಯ ವೆಚ್ಚವನ್ನು ಭರಿಸಲಾರದವರು, ನೆಲಕ್ಕೆ ಹತ್ತಿರವಾದ ತಳದ ಹಲಗೆಗೆ ಮತ್ತು ಗೋಡೆಯ ಕಡೆಯ ಹಲಗೆಗೆ ಅದನ್ನು ಬಳಸಿ ಉಳಿದೆಡೆಗೆ ಬಿಡಬ್ಲ್ಯುಆರ್ ಬಳಸಿದರೆ ಹಣ ಉಳಿಯುತ್ತದೆ, ಬಾಳಿಕೆಗೆ ಕೊರತೆಯಾಗುವುದಿಲ್ಲ.

ಕೊಳ್ಳುವ ಮುನ್ನ

ದಿವಾನದ ಎತ್ತರವನ್ನು ನಿರ್ಧರಿಸುವಾಗ ಗಾದಿಯನ್ನು ಸೇರಿಸಿಯೇ ಎಣಿಸಬೇಕು: ನೆಲದಿಂದ ಗಾದಿಯ ಮೇಲ್ಮೈಗೆ 18ರಿಂದ 20 ಇಂಚು ಇದ್ದರೆ ಮೊಣಕಾಲು ನೋವಿನ ಹಿರಿಯರೂ ಕುಳಿತೇಳಲು ಸುಲಭ. ಕಾಲು, ಹಲಗೆ, ಗಾದಿಗಳ ಪಾಲನ್ನು ಕಳೆದರೆ ಪೆಟ್ಟಿಗೆಯ ಆಳಕ್ಕೆ ಉಳಿಯುವುದು ಒಂಬತ್ತು ಹತ್ತು ಇಂಚು ಮಾತ್ರ. 6 ಅಡಿ ಉದ್ದ 3 ಅಡಿ ಅಗಲದ ಒಂಟಿ ದಿವಾನದಲ್ಲಿ ಅಷ್ಟರಿಂದಲೇ ಹದಿಮೂರು ಹದಿನಾಲ್ಕು ಘನ ಅಡಿ ದೊರೆಯುತ್ತದೆ. ಹೆಚ್ಚು ತುಂಬಬೇಕೆಂಬ ಆಸೆಯಿಂದ ಪೆಟ್ಟಿಗೆಯನ್ನು ಇನ್ನೂ ಎತ್ತರಿಸಿದರೆ ಆಸನವೂ ಕೆಟ್ಟು, ಶಯ್ಯೆಯೂ ಕೆಡುತ್ತದೆ. ಮನೆಯ ಬಾಗಿಲಿನ ಅಗಲವನ್ನೂ ಮೆಟ್ಟಿಲಿನ ತಿರುವನ್ನೂ ಅಳೆದುಕೊಂಡು ಹೋಗುವುದು ಒಳಿತು. ಬೋಲ್ಟು ಬಿಚ್ಚಿ ಭಾಗಭಾಗವಾಗಿ ಸಾಗಿಸಬಹುದಾದ ದಿವಾನವು ಬಾಡಿಗೆ ಮನೆಯಲ್ಲಿರುವವರಿಗೆ ವರದಾನ.

ಅಂಗಡಿಯಲ್ಲಿ ಸಂಕೋಚಪಡದೆ ಮಾಡಬಹುದಾದ ಪರೀಕ್ಷೆಗಳು ಮೂರು. ಒಂದು ಮೂಲೆಯನ್ನು ಎತ್ತಿ ನೋಡಿರಿ: ಪಕ್ಕದ ಮೂಲೆಯೂ ಒಡನೆ ಏಳತೊಡಗಿದರೆ ಚೌಕಟ್ಟು ಬಿಗಿಯಾಗಿದೆ, ಎತ್ತಿದ ಮೂಲೆಯೊಂದೇ ಸೊಟ್ಟಗೆ ತಿರುಚಿಕೊಂಡು ಬಂದರೆ ಕೀಲುಗಳಲ್ಲಿ ಸತ್ತ್ವವಿಲ್ಲ. ಉದ್ದದ ಅಂಚಿನ ನಟ್ಟನಡುವೆ ಕುಳಿತು ನೋಡಿರಿ: ದಿವಾನವು ಆಸನವಾಗಿಯೂ ಬಳಕೆಯಾಗುವುದರಿಂದ ಅತಿ ಹೆಚ್ಚು ದಣಿಯುವುದು ಆ ಅಂಚೇ. ಕೊನೆಗೆ ಮುಚ್ಚಳವನ್ನು ತೆರೆದು ಒಳಕ್ಕೆ ತಲೆಯಿಟ್ಟು ಉಸಿರೆಳೆದು ನೋಡಿರಿ: ಕಣ್ಣುರಿಸುವ ತೀಕ್ಷ್ಣವಾದ ವಾಸನೆ ಬಂದರೆ ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಇನ್ನೂ ಹೊರಸೂಸುತ್ತಿದೆಯೆಂದು ತಿಳಿಯಬೇಕು, ಅದನ್ನು ಕೂಡಲೇ ಮಲಗುವ ಕೋಣೆಗೆ ತರುವುದು ಉಚಿತವಲ್ಲ.

ಬಡಗಿಯಿಂದ ಮಾಡಿಸುವುದಾದರೆ ಈ ವಿವರಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಮರದ ಹೆಸರಿನ ಜೊತೆಗೆ ತಿರುಳಿನದೇ ಹಲಗೆ, ಒಣಗಿದ ಮರ, ನಡುತೊಲೆ, ನಡುಗಾಲು, ಗಾಳಿಕಿಂಡಿ ಎಂಬ ಐದನ್ನೂ ಕಾಣಿಸಿ, ಕೆಲಸ ಪ್ರಾರಂಭವಾಗುವ ಮೊದಲೇ ಅವನೊಡನೆ ಮಾತಾಡಿ ಒಪ್ಪಂದಕ್ಕೆ ಬರಬೇಕು. ಒಳ್ಳೆಯ ಬಡಗಿಯು ಇದನ್ನು ಅಪನಂಬಿಕೆಯೆಂದು ತಿಳಿಯುವುದಿಲ್ಲ. ಹೊಳಪಿಗೆ ಮಾತ್ರ ಬೆಲೆಗಟ್ಟುವ ಗಿರಾಕಿಗಳ ನಡುವೆ ಹಲಗೆಯ ಹಿಮ್ಮೈಯನ್ನೂ ಕೀಲಿನ ಒಳಗನ್ನೂ ಕೇಳಿ ನೋಡುವ ಒಬ್ಬ ಗಿರಾಕಿ ಸಿಕ್ಕಿದನೆಂದು ಸಂತೋಷಪಡುತ್ತಾನೆ, ಆ ಸಂತೋಷವು ಅವನ ಕೆಲಸದಲ್ಲಿಯೂ ಇಳಿಯುತ್ತದೆ. ನಮ್ಮ ಆಯುಷ್ಯದ ಮೂರನೆಯ ಒಂದು ಭಾಗವು ಶಯ್ಯೆಯ ಮೇಲೆ ಕಳೆಯುವಂಥದ್ದು. ಅದನ್ನು ಹೊರುವ ವಸ್ತುವಿನ ಅಡಿಯನ್ನು ಬಗ್ಗಿ ನೋಡುವ ಅರ್ಧ ಗಂಟೆಯ ಶ್ರಮವನ್ನು ಕೊಳ್ಳುವಾಗಲೇ ಮಾಡಿ ಮುಗಿಸಿದವನು, ದಿವಾನದ ಕುರಿತು ಮತ್ತೆ ಯೋಚಿಸಬೇಕಾದ ಪ್ರಸಂಗವನ್ನು ತನಗೂ ತನ್ನ ಮಕ್ಕಳಿಗೂ ತಪ್ಪಿಸಿದಂತಾಗುತ್ತದೆ.